ಮುಟ್ಟಿಗೆ ಮುಂಚಿನ ಆ ವಾರ

ಕುರುಗೋಡು

ಬಳ್ಳಾರಿಯ ಹಾಸ್ಟೆಲಿನಲ್ಲಿರುವ ಮಗಳಿಗೆ,

ಮುಟ್ಟಿಗೆ ಒಂದು ವಾರ ಮುಂಚೆಯೇ ಎದೆ ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ಜೊತೆಯವರು ಅದನ್ನು ನಾಟಕ ಅನ್ನುತ್ತಾರೆ ಎಂದು ಬರೆದಿದ್ದಿ. ನಾಟಕವಲ್ಲವ್ವಾ. ಅಂಡ ಬಿಡುಗಡೆಯಾದ ಮೇಲೆ ಹಾರ್ಮೋನುಗಳು ಏರಿ ಇಳಿಯುತ್ತವೆ. ಕೆಲವರ ಮೈಮನಸ್ಸಿಗೆ ಅದು ಹೆಚ್ಚು ತಾಕುತ್ತದೆ. ಈ ಕಾಗದವನ್ನು ನಿನ್ನ ಜೊತೆಯವರಿಗೂ ಓದಿ ಹೇಳು.

ಸಿರುಗುಪ್ಪದಲ್ಲಿ ನಿಮ್ಮವ್ವ ಕುದಿಸಿಕೊಡುವ ಶುಂಠಿ ಕಷಾಯ ಬಿಡಬೇಡ. ಮುಟ್ಟಿನ ದಿನದ ಹೊಟ್ಟೆನೋವಿಗೆ ಶುಂಠಿ ಗುಣ ಕೊಡುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಮುಂಚಿನ ವಾರದ ಸಂಕಟವೇ ಬೇರೆ, ಅದಕ್ಕೂ ಇದೊಂದೇ ಸಾಕು ಅಂದುಕೊಳ್ಳಬೇಡ.

ಮೊಬೈಲಿನಲ್ಲಿ ನೋಡಿ ಲಕ್ಕಿ ಬೀಜ ಕುಟ್ಟಿ ನುಂಗಲೇ ಎಂದು ಕೇಳಿದ್ದಿ. ಬೇಡ. 2001ರಲ್ಲಿ ಜರ್ಮನಿಯ ವೈದ್ಯರು ಇದೇ ಸಂಕಟಕ್ಕೆ ಒಂದು ಗಿಡದ ಔಷಧಿ ಕೊಟ್ಟು 170 ಹೆಂಗಸರ ಮೇಲೆ ಮೂರು ಋತುಚಕ್ರಗಳ ಕಾಲ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಔಷಧಿ ತಗೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ, ಹುಸಿಮಾತ್ರೆ ನುಂಗಿದವರಲ್ಲಿ ಕಾಲುಭಾಗದಷ್ಟು ಮಂದಿಗೆ ಚೆನ್ನಾಗಿಯೇ ಗುಣ ಕಂಡಿತ್ತು. ಆ ಔಷಧಿ ವಿಟೆಕ್ಸ್ ಆಗ್ನಸ್-ಕ್ಯಾಸ್ಟಸ್ ಎಂಬ ಗಿಡದ ಹಣ್ಣಿನದು. ನಮ್ಮ ಲಕ್ಕಿ ವಿಟೆಕ್ಸ್ ನೆಗುಂಡೊ. ಕುಲ ಒಂದೇ, ಗಿಡ ಬೇರೆ. ಲಕ್ಕಿ ಸೊಪ್ಪು ಬಾಣಂತಿಯ ಎರೆಯುವ ನೀರಿಗೆ, ಕೀಲುನೋವಿನ ಶಾಖಕ್ಕೆ ಬಂದ ಮದ್ದು, ಅಲ್ಲಿಗೇ ಇರಲಿ. ಆ ಪರದೇಶದ ಮಾತ್ರೆಯನ್ನೂ ಬಸುರಿಯರು, ಗರ್ಭನಿರೋಧಕ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮುಟ್ಟಿನ ತೊಂದರೆಗೆಂದು ಮಾರುವ ಅಶೋಕದ ಚಕ್ಕೆಯ ಪುಡಿಯ ಬಗ್ಗೆಯೂ ಎಚ್ಚರ. ಸೀತಾ ಅಶೋಕದ ತೊಗಟೆಯ ಹೆಸರಿನಲ್ಲಿ, ಶಾಲೆ ಕಾಂಪೌಂಡುಗಳಲ್ಲಿ ಸಾಲಾಗಿ ನೆಟ್ಟ ಉದ್ದನೆಯ ಅಶೋಕದ ತೊಗಟೆ ಮಾರಾಟವಾಗುವುದುಂಟು. ಪುಡಿಯಾದ ಮೇಲೆ ಗುರುತು ಹಿಡಿಯುವವರಾರು? ಆಯುರ್ವೇದವೇ ಬೇಕೆಂದರೆ ನಿನ್ನೂರಲ್ಲೇ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿದೆ, ಪಂಡಿತ ತಾರಾನಾಥರ ಹೆಸರಿನದು. ಅಲ್ಲಿನ ವೈದ್ಯರಿಗೆ ಕೈನಾಡಿ ತೋರಿಸು. ಗ್ರಂಧಿಗೆ ಅಂಗಡಿಯವನಿಗೆ ಕಾಯಿಲೆ ಹೇಳಬೇಡ.

ನನಗೆ ಹೆಚ್ಚು ನಂಬಿಕೆ ಇರುವುದು ಊಟದ ಮೇಲೆ. 1998ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಯ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಮೂರನೆಯ ಋತುಚಕ್ರದ ಹೊತ್ತಿಗೆ ತೊಂದರೆ ಹತ್ತಿರಹತ್ತಿರ ಅರ್ಧಕ್ಕಿಳಿದಿತ್ತು. ಹಾಸ್ಟೆಲಿನ ಅನ್ನ-ಸಾರಿನಲ್ಲಿ ಅಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ. ಮೊಸರು ಬಿಡದೆ ಉಣ್ಣು. ನುಗ್ಗೆ ಸೊಪ್ಪಿನ ಪಲ್ಯ, ರಾಗಿ ಅಂಬಲಿ ಸಿಕ್ಕಾಗ ಬೇಡ ಅನ್ನಬೇಡ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿ ಕಳಿಸುತ್ತೇನೆ, ವಾರಗಟ್ಟಲೆ ಕೆಡುವುದಿಲ್ಲ. ಆ ವಾರ ಚಹಾ, ಉಪ್ಪಿನಕಾಯಿ ಕಮ್ಮಿ ಮಾಡು.

ಎರಡು ತಿಂಗಳು ದಿನಾಂಕ ಹಾಕಿ ಬರೆದಿಡು: ಯಾವತ್ತು ಅಳು, ಯಾವತ್ತು ತಲೆನೋವು, ಯಾವತ್ತು ಮುಟ್ಟು. ಮುಟ್ಟು ಬಂದು ಕೆಲ ದಿನಕ್ಕೆ ಹಗುರಾದರೆ ಇದು ಮುಟ್ಟಿಗೆ ಮುಂಚಿನ ಸಂಕಟವೇ. ತಿಂಗಳಿಡೀ ಹಾಗೇ ಇದ್ದರೆ ಬೇರೇನೋ ಇದೆ, ಡಾಕ್ಟರಿಗೆ ಆ ಹಾಳೆ ತೋರಿಸು. ಬದುಕೇ ಬೇಡ ಅನ್ನಿಸಿತೋ, ಕಷಾಯಕ್ಕೆ ಕಾಯಬೇಡ. ಅವತ್ತೇ ಆಸ್ಪತ್ರೆಗೆ ಹೋಗು. ನಡುರಾತ್ರಿಯಾದರೆ ಮನಸ್ಸಿನ ಸಂಕಟದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ಯಾವ ಹೊತ್ತಾದರೂ ಎತ್ತುತ್ತೇನೆ.

ನಿನ್ನ ದೊಡ್ಡವ್ವ