ಮಾದರಿ ವಿಶ್ವಸಂಸ್ಥೆಯಲ್ಲಿ ಸ್ತ್ರೀಸಮಾನತೆಯ ಚರ್ಚೆ: ಒಂದು ವಿವೇಚನೆ

ಸಭೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಹೆಣ್ಣಿಗೂ ಉಂಟೆಂಬುದನ್ನು ಹನ್ನೆರಡನೆಯ ಶತಮಾನದ ಕಲ್ಯಾಣವು ಲೋಕಕ್ಕೆ ತೋರಿಸಿಕೊಟ್ಟಿತು. ಉಡುತಡಿಯಿಂದ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಅನುಭವ ಮಂಟಪದಲ್ಲಿ ಕಟುವಾಗಿ ಪರೀಕ್ಷಿಸಿದರೆಂದೂ, ಆಕೆ ಒಂದೊಂದು ಪ್ರಶ್ನೆಗೂ ನಿರ್ಭಯವಾಗಿ ಉತ್ತರವಿತ್ತಳೆಂದೂ ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕದಲ್ಲಿದ್ದ ಮುಕ್ತಾಯಕ್ಕನು ಅದೇ ಪ್ರಭುವಿನೊಡನೆ ಸರಿಸಮಾನಳಾಗಿ ವಾದಿಸಿದ ಪ್ರಸಂಗವೂ ಅಲ್ಲಿಯೇ ಇದೆ. ಈ ಗ್ರಂಥವು ಸಂಕಲನಗೊಂಡುದು ಶರಣರ ಕಾಲದಿಂದ ಸುಮಾರು ಮುನ್ನೂರು ವರ್ಷಗಳ ತರುವಾಯ ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ಮೂವತ್ತಕ್ಕಿಂತ ಹೆಚ್ಚು ಶರಣೆಯರ ವಚನಗಳು ಇಂದಿಗೂ ಉಳಿದುಬಂದಿರುವುದು ಆ ಸಂಪ್ರದಾಯಕ್ಕೆ ನಿಜವಾದ ಸಾಕ್ಷಿ.

ಇಂದಿನ ಶಾಲೆ ಕಾಲೇಜುಗಳಲ್ಲಿ ಪ್ರಶ್ನೋತ್ತರದ ಹೊಸದೊಂದು ರೂಪವು ಪ್ರಚಾರಕ್ಕೆ ಬಂದಿದೆ. ಅದಕ್ಕೆ ಮಾದರಿ ವಿಶ್ವಸಂಸ್ಥೆಯೆಂದು ಹೆಸರು. ರಾಷ್ಟ್ರಸಂಘವಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಆರಂಭವಾಯಿತು. ನಮ್ಮ ದೇಶದಲ್ಲಿ ಇದರ ಸೋದರ ರೂಪವಾದ ಯುವ ಸಂಸತ್ತಿನ ಕಾರ್ಯಕ್ರಮವನ್ನು 1966-67ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಮೊದಲು ಜಾರಿಗೆ ತರಲಾಯಿತು. ಮಾದರಿ ವಿಶ್ವಸಂಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ದೇಶವನ್ನು ಹಂಚಲಾಗುತ್ತದೆ. ಆ ದೇಶದ ಹೆಸರಿನ ಫಲಕವನ್ನು ಮುಂದಿಟ್ಟುಕೊಂಡು, ಆ ದೇಶದ ನಿಲುವನ್ನೇ ಆತನು ಮಂಡಿಸಬೇಕು. ಭಾಷಣ, ಕ್ರಿಯಾಲೋಪ, ಸಂಧಾನ, ಠರಾವಿನ ಕರಡು, ತಿದ್ದುಪಡಿ, ಕೊನೆಗೆ ಮತದಾನ ಎಂಬ ಕ್ರಮದಲ್ಲಿ ಸಭೆ ನಡೆಯುತ್ತದೆ. ಇಂಥ ಸಭೆಗಳಲ್ಲಿ ಸ್ತ್ರೀಯರ ಹಕ್ಕು ಮತ್ತು ಲಿಂಗಸಮಾನತೆಯು ಮತ್ತೆ ಮತ್ತೆ ಆಯ್ಕೆಯಾಗುವ ವಿಷಯ. ಇದರಿಂದ ಮಕ್ಕಳು ನಿಜವಾಗಿ ಕಲಿಯುವುದೇನು, ಕಲಿಯಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಒಂದು ಪದದ ಬೆಲೆ

ಸಂಧಾನದ ಸಭೆಯಲ್ಲಿ ಪದವೊಂದಕ್ಕೆ ಎಷ್ಟು ಬೆಲೆಯಿದೆಯೆಂಬುದಕ್ಕೆ ನಮ್ಮ ದೇಶದವರೇ ಆದ ಹಂಸಾ ಮೆಹತಾ ಅವರು ಉತ್ತಮ ನಿದರ್ಶನ. ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದ ಅವರು 1947-48ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಹಕ್ಕುಗಳ ಘೋಷಣೆಯ ಮೊದಲನೆಯ ಕಲಮಿನ ಇಂಗ್ಲಿಷ್ ಕರಡಿನಲ್ಲಿ 'ಎಲ್ಲ ಪುರುಷರು' ಎಂದು ಅರ್ಥ ಬರುವ ಪದವಿತ್ತು. ಆ ಪದದಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ಸಮಜಾಯಿಷಿ ಹೇಳುವವರಿಗೆ ಕೊರತೆಯಿರಲಿಲ್ಲ. ಹಾಗೆ ಸೇರಿಸಿಕೊಳ್ಳದ ದೇಶಗಳೂ ಇರಬಹುದೆಂಬುದು ಹಂಸಾ ಅವರ ವಾದ. 1948ರ ಡಿಸೆಂಬರ್ 10ರಂದು ಅಂಗೀಕಾರವಾದ ಘೋಷಣೆಯಲ್ಲಿ 'ಎಲ್ಲ ಮಾನವರು' ಎಂಬ ಮಾತೇ ನಿಂತಿತು. ವ್ಯಾಕರಣದ ಪಾಠದಲ್ಲಿ ಅಲಕ್ಷಿಸಬಹುದಾದ ಒಂದು ಪದವು ಅರ್ಧ ಮಾನವಕುಲದ ಸ್ಥಾನವನ್ನು ನಿರ್ಧರಿಸಿತೆಂದು ವಿದ್ಯಾರ್ಥಿಗಳಿಗೆ ತಿಳಿಸಿಹೇಳಲು ಇದಕ್ಕಿಂತ ಮಿಗಿಲಾದ ಉದಾಹರಣೆ ದೊರೆಯದು.

ಒಪ್ಪಿಗೆಯೂ ಷರತ್ತೂ

ಸ್ತ್ರೀಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿವಾರಣೆಯ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆಯು 1979ರ ಡಿಸೆಂಬರ್ 18ರಂದು ಅಂಗೀಕರಿಸಿತು. 1981ರ ಸೆಪ್ಟೆಂಬರ್ 3ರಂದು ಅದು ಜಾರಿಗೆ ಬಂದಿತು. ಭಾರತವು 1980ರ ಜುಲೈ 30ರಂದು ಸಹಿ ಮಾಡಿ, 1993ರ ಜುಲೈ 9ರಂದು ಅದನ್ನು ಸ್ಥಿರೀಕರಿಸಿತು. ವಿದ್ಯಾರ್ಥಿ ಸಭೆಗಳಲ್ಲಿ ಈ ತಾರೀಖುಗಳನ್ನು ಅಭಿಮಾನದಿಂದ ಹೇಳಿ, ಚಪ್ಪಾಳೆಯ ನಡುವೆ ಕುಳಿತುಕೊಳ್ಳುವುದು ಸುಲಭ. ಆದರೆ ಸ್ಥಿರೀಕರಣದ ಪತ್ರದೊಂದಿಗೆ ಭಾರತವು ಸಲ್ಲಿಸಿದ ಹೇಳಿಕೆಗಳನ್ನು ಓದಿದವನಿಗೆ ಮಾತ್ರ ಪಾಠದ ಎರಡನೆಯ ಅರ್ಧ ತಿಳಿದೀತು.

ರೂಢಿಯ ನಡಾವಳಿಗಳನ್ನು ತಿದ್ದಬೇಕೆನ್ನುವ 5ನೆಯ ಕಲಮು ಮತ್ತು ವಿವಾಹ ಹಾಗೂ ಕುಟುಂಬದಲ್ಲಿ ಸಮಾನತೆ ಬೇಕೆನ್ನುವ 16ನೆಯ ಕಲಮಿನ ವಿಷಯದಲ್ಲಿ, ಯಾವುದೇ ಸಮುದಾಯದ ಖಾಸಗಿ ವ್ಯವಹಾರಗಳಲ್ಲಿ ಆ ಸಮುದಾಯದ ಉಪಕ್ರಮ ಮತ್ತು ಸಮ್ಮತಿಯಿಲ್ಲದೆ ತಾನು ಕೈಹಾಕುವುದಿಲ್ಲವೆಂಬ ತನ್ನ ನೀತಿಗೆ ಅನುಸಾರವಾಗಿಯೇ ನಡೆಯುವುದಾಗಿ ಭಾರತ ಹೇಳಿತು. ವಿವಾಹಗಳ ಕಡ್ಡಾಯ ನೋಂದಣಿಯನ್ನು ತತ್ತ್ವದಲ್ಲಿ ಪೂರ್ಣವಾಗಿ ಒಪ್ಪಿದರೂ, ನಾನಾ ಪದ್ಧತಿಗಳೂ ಧರ್ಮಗಳೂ ಅಕ್ಷರಜ್ಞಾನದ ನಾನಾ ಮಟ್ಟಗಳೂ ಇರುವ ವಿಶಾಲ ದೇಶದಲ್ಲಿ ಅದು ಕಾರ್ಯಸಾಧ್ಯವಲ್ಲವೆಂದೂ ಸೇರಿಸಿತು. ಅಂದರೆ ಸಭೆಯಲ್ಲಿ ಒಪ್ಪಿಗೆ, ಮನೆಯ ಹೊಸ್ತಿಲಲ್ಲಿ ಷರತ್ತು. ಇಂಥ ಷರತ್ತುಗಳನ್ನು ಇಟ್ಟ ದೇಶ ಭಾರತವೊಂದೇ ಅಲ್ಲ. ಅಮೆರಿಕವಂತೂ 1980ರಲ್ಲಿ ಸಹಿ ಮಾಡಿಯೂ ಅದನ್ನು ಸ್ಥಿರೀಕರಿಸಲಿಲ್ಲ.

ಇಲ್ಲಿ ವಿದ್ಯಾರ್ಥಿಯ ಮುಂದೆ ನಿಜವಾದ ಸಮಸ್ಯೆಯೊಂದು ನಿಲ್ಲುತ್ತದೆ. ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರ ಉಪದೇಶ. ಎಲ್ಲರೂ ಸಹಿ ಹಾಕಬಲ್ಲಂಥ ಮಾತನ್ನು ಹುಡುಕಬೇಕೆಂಬುದು ರಾಜನೀತಿಯ ಕೌಶಲ. ಈ ಎರಡನೆಯದನ್ನು ಮಾತ್ರ ಕಲಿಸಿದರೆ ಜಾಣ ವಾಗ್ಮಿಗಳು ತಯಾರಾದಾರು. ಆತ್ಮಸಾಕ್ಷಿಯುಳ್ಳ ನಾಗರಿಕರು ತಯಾರಾಗಲಾರರು. ಹಾಗೆಂದು ಷರತ್ತಿನೊಡನೆ ಕೊಟ್ಟ ಒಪ್ಪಿಗೆಯೆಲ್ಲ ವ್ಯರ್ಥವೆಂದು ತೀರ್ಮಾನಿಸುವುದೂ ಸರಿಯಲ್ಲ. 1997ರ ವಿಶಾಖಾ ಪ್ರಕರಣದಲ್ಲಿ, ಉದ್ಯೋಗಸ್ಥಳದಲ್ಲಿ ಸ್ತ್ರೀಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯಲು ದೇಶದಲ್ಲಿ ಪ್ರತ್ಯೇಕ ಕಾನೂನು ಇಲ್ಲದಿದ್ದಾಗ, ಸರ್ವೋಚ್ಚ ನ್ಯಾಯಾಲಯವು ಇದೇ ಒಡಂಬಡಿಕೆಯನ್ನು ಆಧಾರವಾಗಿಟ್ಟುಕೊಂಡು ಮಾರ್ಗಸೂತ್ರಗಳನ್ನು ವಿಧಿಸಿತು. 2013ರಲ್ಲಿ ಅದಕ್ಕೆ ಶಾಸನವೇ ಬಂದಿತು. ಕಾರ್ಯಸಾಧ್ಯವಲ್ಲವೆನ್ನಲಾಗಿದ್ದ ವಿವಾಹ ನೋಂದಣಿಯನ್ನು ಎಲ್ಲ ಧರ್ಮೀಯರಿಗೂ ಕಡ್ಡಾಯಗೊಳಿಸುವಂತೆ 2006ರಲ್ಲಿ ಅದೇ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶನವಿತ್ತಿತು. ಕಾಗದದ ಮೇಲಿನ ಮಾತು ಜನರ ಕೈಗೆ ಸಿಕ್ಕಾಗ ಮೆಲ್ಲಮೆಲ್ಲನೆ ಬಲ ಪಡೆಯುತ್ತದೆ.

ನಮ್ಮ ನಾಡಿನ ಹೆಜ್ಜೆ

ಬಾಲ್ಯವಿವಾಹಕ್ಕೆ ಕಾನೂನಿನ ಮಾನ್ಯತೆ ಇರಕೂಡದೆಂದು ಒಡಂಬಡಿಕೆಯ 16ನೆಯ ಕಲಮು ಹೇಳುತ್ತದೆ. ನಮ್ಮಲ್ಲಿ 1929ರ ಶಾರದಾ ಕಾಯಿದೆಯು ಹೆಣ್ಣಿನ ವಿವಾಹಕ್ಕೆ 14 ವರ್ಷದ ಮಿತಿಯನ್ನಿಟ್ಟಿತು. 1978ರಲ್ಲಿ ಅದು 18ಕ್ಕೆ ಏರಿತು. 2006ರ ಕೇಂದ್ರ ಕಾಯಿದೆಯು ಬಾಲ್ಯವಿವಾಹವನ್ನು ಶಿಕ್ಷಾರ್ಹಗೊಳಿಸಿದರೂ, ನಡೆದುಹೋದ ಮದುವೆಯನ್ನು ರದ್ದುಗೊಳಿಸುವ ಭಾರವನ್ನು ಸಾಮಾನ್ಯವಾಗಿ ಆ ಬಾಲಕಿಯ ಹೆಗಲಿಗೇ ಬಿಟ್ಟಿತು. ಆಕೆಯೇ ನ್ಯಾಯಾಲಯದ ಮೆಟ್ಟಿಲೇರಬೇಕು. ಕರ್ನಾಟಕವು 2016ರ ತಿದ್ದುಪಡಿಯಿಂದ ಅಂಥ ವಿವಾಹವು ಆರಂಭದಿಂದಲೇ ಅಸಿಂಧುವೆಂದು ವಿಧಿಸಿತು. ಈ ವಿಷಯದಲ್ಲಿ ನಮ್ಮ ರಾಜ್ಯವು ಕೇಂದ್ರಕ್ಕಿಂತ ಒಂದು ಹೆಜ್ಜೆ ಮುಂದಿಟ್ಟಿತು. ಭಾರತದ ಫಲಕವನ್ನು ಹಿಡಿದು ಕುಳಿತ ಕಲಬುರಗಿ ಜಿಲ್ಲೆಯ ವಿದ್ಯಾರ್ಥಿಯು ಅಗತ್ಯವಾಗಿ ತಿಳಿದಿರಬೇಕಾದ ಸಂಗತಿಯಿದು.

ಪಂಚಾಯತಿಗಳ ವಿಷಯದಲ್ಲಿಯೂ ಹಾಗೆಯೇ. ಸಂವಿಧಾನದ 73ನೆಯ ತಿದ್ದುಪಡಿಗೆ ಮೊದಲೇ, 1983ರ ಕಾಯಿದೆಯ ಮೂಲಕ ಕರ್ನಾಟಕವು ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಆದರೂ ಸದಸ್ಯೆಯ ಕುರ್ಚಿಯಲ್ಲಿ ಪತಿರಾಯರು ಕುಳಿತು ಮಾತನಾಡುವ ದೃಶ್ಯವು ಹಳ್ಳಿಯವರಾದ ನಮಗೆ ಅಪರಿಚಿತವಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ನೂರಕ್ಕೆ ಸುಮಾರು 74, ಸ್ತ್ರೀಯರದು ಸುಮಾರು 55. ಕಾನೂನು ಮುಂದೆ ನಡೆದಿದೆ. ಮನೆ ಇನ್ನೂ ಹಿಂದೆ ನಿಂತಿದೆ.

ಶಾಲೆಯು ಮಾಡಬಹುದಾದುದು

ಭೀಮಾತೀರದ ಸೊನ್ನದಂಥ ಊರಿನ ಶಾಲೆಗೆ ದೊಡ್ಡ ನಗರಗಳ ಆಡಂಬರ ಬೇಕಾಗಿಲ್ಲ. ಒಂದು ಕೊಠಡಿ, ರಟ್ಟಿನ ಕೆಲವು ಫಲಕಗಳು, ಒಡಂಬಡಿಕೆಯ ಪಠ್ಯ ಇಷ್ಟಿದ್ದರೆ ಸಾಕು. ಸಭೆ ಕನ್ನಡದಲ್ಲಿಯೇ ನಡೆಯಲಿ. ಶಿಕ್ಷಕ ಬಂಧುಗಳು ಮೂರು ನಿಯಮಗಳನ್ನು ಪಾಲಿಸಬೇಕೆಂದು ನನ್ನ ವಿನಂತಿ.

ಮೊದಲನೆಯದಾಗಿ, ದೇಶಗಳನ್ನು ಚೀಟಿ ಎತ್ತಿ ಹಂಚಬೇಕು. ಷರತ್ತಿನ ಪರವಾಗಿ ವಾದಿಸುವ ಹೊಣೆ ಹುಡುಗಿಗೂ, ಸಮಾನತೆಯ ಪರವಾಗಿ ವಾದಿಸುವ ಹೊಣೆ ಹುಡುಗನಿಗೂ ಬರಲಿ. ತನ್ನದಲ್ಲದ ಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಿದವನಿಗೆ ಎದುರಾಳಿಯ ಅಂಜಿಕೆ ಎಲ್ಲಿದೆಯೆಂಬುದು ತಿಳಿಯುತ್ತದೆ. ಎರಡನೆಯದಾಗಿ, ಪ್ರತಿಯೊಬ್ಬ ಪ್ರತಿನಿಧಿಯೂ ತನ್ನ ದೇಶವು ಏನನ್ನು ಒಪ್ಪಿದೆ, ಯಾವುದಕ್ಕೆ ಷರತ್ತು ಹಾಕಿದೆ ಎಂಬುದನ್ನು ಬರೆದು ತರಬೇಕು. ಮೂರನೆಯದಾಗಿ, ಮತದಾನವಾದ ಬಳಿಕ ಫಲಕಗಳನ್ನು ಮಗುಚಿಟ್ಟು, ಮಕ್ಕಳು ತಮ್ಮ ಸ್ವಂತ ಹೆಸರಿನಲ್ಲಿ ಇನ್ನೊಂದು ಠರಾವನ್ನು ಬರೆಯಬೇಕು: ನಮ್ಮ ಊರಲ್ಲಿ, ನಮ್ಮ ಮನೆಯಲ್ಲಿ ನಾವು ಏನನ್ನು ಬದಲಿಸುವೆವು? 2006ರಿಂದ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯ ಪದ್ಧತಿಯು ರೂಢಿಗೆ ಬಂದಿದೆ. ಆ ಠರಾವು ಅಲ್ಲಿಗೆ ತಲುಪಬೇಕು. ಹುಡುಗಿಯರಿಗೆ ಶೌಚಾಲಯ, ಪ್ರೌಢಶಾಲೆಗೆ ಹೋಗಿಬರಲು ಬಸ್ಸು, ನಡುವೆಯೇ ಶಾಲೆ ಬಿಟ್ಟ ಗೆಳತಿಯ ಮನೆಗೆ ಹೋಗಿ ವಿಚಾರಿಸುವುದು, ಇವೆಲ್ಲ ಸಾಧಾರಣವಾಗಿ ತೋರಬಹುದು. ಒಡಂಬಡಿಕೆಯ ಕಲಮುಗಳು ಕೊನೆಗೆ ಬಂದು ಮುಟ್ಟುವುದು ಇಲ್ಲಿಗೇ.

ನಿಷ್ಠುರವಾದ ಒಂದು ಮಾತನ್ನು ಹೇಳದಿದ್ದರೆ ಈ ಲೇಖನ ಪೂರ್ಣವಾಗದು. ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ವಾದಿಸಿ ಬಹುಮಾನ ಪಡೆದ ಹುಡುಗಿಯ ಹೆಸರು ಮರುವರ್ಷದ ಹಾಜರಿ ಪುಸ್ತಕದಲ್ಲಿ ಇಲ್ಲದೆ ಹೋದರೆ, ಆ ಬಹುಮಾನದ ಅರ್ಥವೇನು? ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಸಹೃದಯರು. ಕೊಠಡಿಗಳನ್ನು ಕಟ್ಟಿಸಿದ್ದಾರೆ, ಕಟ್ಟಿಸುತ್ತಿದ್ದಾರೆ. ಆ ಕೊಠಡಿಯಲ್ಲಿ ಕುಳಿತ ಮಗಳು ಹತ್ತನೆಯ ಇಯತ್ತೆಯ ಆಚೆಗೂ ಓದುವಂತೆ ನೋಡಿಕೊಳ್ಳುವುದೂ ದಾಸೋಹವೇ ಆಗಿದೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮನೆಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ತಿಳಿಹೇಳಿದಳಂತೆ. ಆಚರಣೆಗೆ ತರಲಾಗದಷ್ಟು ಮಾತನ್ನು ಸಭೆಯಿಂದ ಹೊತ್ತು ತರುವವರಿಗೂ ಆಕೆಯ ಬುದ್ಧಿವಾದವು ಸಲ್ಲುತ್ತದೆ. ನಮ್ಮ ಮಕ್ಕಳು ದೇಶದೇಶಗಳ ಪರವಾಗಿ ವಾದಿಸಲಿ. ಮನೆಗೆ ಮರಳಿದಾಗ ಹೊಸ್ತಿಲಲ್ಲಿರುವ ಷರತ್ತನ್ನು ಅಳಿಸುವ ಧೈರ್ಯವೂ ಅವರಿಗೆ ಬರಲಿ.