ಹಳೆಯ ಆಸಿಲೋಸ್ಕೋಪಿನೊಳಗಿನ ಕಂಪ್ಯೂಟರು

ಆಸಿಲೋಸ್ಕೋಪ್ ಎಂಬದು ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣುವ ಗೆರೆಯಾಗಿ ಬರೆದು ತೋರಿಸುವ ಯಂತ್ರವು. ೧೮೯೭ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಪಂಡಿತನು ಕ್ಯಾಥೋಡ್ ಕಿರಣದ ನಳಿಗೆಯನ್ನು ನಿರ್ಮಿಸಿದಂದಿನಿಂದ ಇದರ ವಂಶಾವಳಿಯು ಆರಂಭವಾಗುವದು. ಆ ಕಾಲದ ಯಂತ್ರದಲ್ಲಿ ಗೆರೆಯು ಕ್ಷಣಮಾತ್ರ ಮಿನುಗಿ ಮಾಯವಾಗುತ್ತಿತ್ತು. ಡಿಜಿಟಲ್ ಯಂತ್ರವಾದರೋ ಅದನ್ನು ಅಂಕಿಗಳನ್ನಾಗಿ ಅಳೆದು ನೆನಪಿನಲ್ಲಿಟ್ಟುಕೊಂಡು, ಬೇಕಾದಾಗ ತೋರಿಸುವದು.

೧೯೯೭ರಲ್ಲಿ ಅಮೇರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯವರು ಇನ್ಫಿನಿಯಂ ಎಂಬ ಹೆಸರಿನ ಆಸಿಲೋಸ್ಕೋಪುಗಳನ್ನು ಹೊರತಂದರು. ಇವುಗಳ ವಿಶೇಷವೇನೆಂದರೆ, ಅಳೆಯುವ ಯಂತ್ರದ ಪೆಟ್ಟಿಗೆಯೊಳಗೇ ಒಂದು ಸಾಧಾರಣ ಕಂಪ್ಯೂಟರನ್ನು ಕೂಡಿಸಿ, ಅದರಲ್ಲಿ ವಿಂಡೋಸ್ ೯೫, ಅನಂತರ ವಿಂಡೋಸ್ ೯೮ ನಡೆಯುವಂತೆ ಮಾಡಿದ್ದು. ಆ ಕಂಪೆನಿಯ ಮಾಪನ ಯಂತ್ರಗಳ ವಿಭಾಗವು ೧೯೯೯ರಲ್ಲಿ ಆಜಿಲೆಂಟ್ ಎಂತಲೂ, ಅದರ ಈ ಶಾಖೆಯು ೨೦೧೪ರಲ್ಲಿ ಕೀಸೈಟ್ ಎಂತಲೂ ಬೇರೆಯಾಯಿತು. ಲೆಕ್ರಾಯ್, ಟೆಕ್ಟ್ರಾನಿಕ್ಸ್ ಮೊದಲಾದವರೂ ಇದೇ ದಾರಿಯನ್ನು ಹಿಡಿದರು.

ಹೀಗೆ ಒಂದೇ ಮನೆಯಲ್ಲಿ ಇಬ್ಬರು ವಾಸವಾದರು. ಆದರೆ ಇಬ್ಬರ ಆಯುಸ್ಸು ಒಂದೇ ಆಗಿರಲಿಲ್ಲ. ಅಳೆಯುವ ಭಾಗವು ಇಪ್ಪತ್ತೈದು ವರ್ಷಗಳ ತರುವಾಯವೂ ದೃಢವಾಗಿರುವದುಂಟು. ಕಂಪ್ಯೂಟರಾದರೋ ಹತ್ತು ವರ್ಷಗಳೊಳಗೆ ಮುಪ್ಪಾಗುವದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ಇಂಥಾ ಒಂದು ಯಂತ್ರವನ್ನು, ಪರದೆಯ ಮೇಲೆ ಏನೂ ಮೂಡುವದಿಲ್ಲವೆಂಬ ಕಾರಣದಿಂದ, ಗುಜರಿಗೆ ಹಾಕುವದೆಂದು ನಿಶ್ಚಯಿಸಿದ್ದರಂತೆ. ಕೆಟ್ಟಿದ್ದು ಹಾರ್ಡ್ ಡಿಸ್ಕ್ ಮಾತ್ರ. ಅದೇ ದರ್ಜೆಯ ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ಆ ಕಾಲೇಜಿಗೆ ಅಷ್ಟು ಹಣವು ಎಂದಿಗೂ ಒದಗುತ್ತಿರಲಿಲ್ಲ. ಅವಳು ನನಗೆ ವಿವರಿಸಿದ್ದನ್ನೂ, ಅನಂತರ ನಾನು ಓದಿ ತಿಳಿದುಕೊಂಡದ್ದನ್ನೂ, ವಿಜ್ಞಾನವನ್ನು ಆರಿಸಿಕೊಳ್ಳತಕ್ಕ ನಮ್ಮ ಹುಡುಗಿಯರಿಗೋಸ್ಕರ ಇಲ್ಲಿ ಬರೆದಿದ್ದೇನೆ.

ಮೊಟ್ಟಮೊದಲು ತಿಳಿಯತಕ್ಕದ್ದು, ಕಂಪ್ಯೂಟರನ್ನು ಬದಲಾಯಿಸಿದರೆ ಯಾವದು ಹೆಚ್ಚುವದು, ಯಾವದು ಹೆಚ್ಚುವದಿಲ್ಲ ಎಂಬದು. ಉಕ್ತಲೇಖನದ ಹೊತ್ತಿನಲ್ಲಿ ಕಿವಿ ಚುರುಕಾಗಿದ್ದು ಕೈ ನಿಧಾನವಾದ ಹುಡುಗಿಯನ್ನು ನೆನೆದುಕೊಳ್ಳಿರಿ. ಅವಳಿಗೆ ಮುರುಕು ಬಳಪದ ಬದಲು ಒಳ್ಳೆಯ ಪೆನ್ನು ಕೊಟ್ಟರೆ ಬರವಣಿಗೆಯು ಬೇಗನೆ ಸಾಗುವದು. ಕಿವಿಯು ಮೊದಲಿನಷ್ಟೇ ಕೇಳುವದು. ಇನ್ಫಿನಿಯಂ ೫೪೮೨೫ಎ ಎಂಬ ಯಂತ್ರವು ೫೦೦ ಮೆಗಾಹರ್ಟ್ಸ್ ವರೆಗಿನ ತರಂಗಗಳನ್ನು ಗ್ರಹಿಸಬಲ್ಲದು. ಸೆಕೆಂಡಿಗೆ ೨೦೦ ಕೋಟಿ ಸಲ ಅಳೆಯಬಲ್ಲದು. ಅಂದರೆ ಎರಡು ಅಳತೆಗಳ ನಡುವಣ ಅವಧಿಯು ಅರ್ಧ ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕೇ ಒಂದು ಗೇಣಿನಷ್ಟು ದೂರವನ್ನೂ ಪೂರ್ತಿ ದಾಟಲಾರದು. ಈ ಸಾಮರ್ಥ್ಯವು ಸಂಕೇತವು ಒಳಬರುವ ಬಾಗಿಲಿನಲ್ಲಿರುವ ವರ್ಧಕಗಳಲ್ಲಿಯೂ, ಅಂಕಿಗಳನ್ನಾಗಿಸುವ ಪರಿವರ್ತಕಗಳಲ್ಲಿಯೂ ಅಡಗಿರುವದು. ಒಳಗಣ ಕಂಪ್ಯೂಟರು ಎಷ್ಟು ವೇಗದ್ದಾದರೂ ಇದನ್ನು ಒಂದು ಕೂದಲೆಳೆಯಷ್ಟೂ ಹೆಚ್ಚಿಸಲಾರದು. ಹೆಚ್ಚುವದು ಏನೆಂದರೆ, ಯಂತ್ರವು ಎದ್ದು ಸಿದ್ಧವಾಗುವ ವೇಗ, ಲೆಕ್ಕದ ವೇಗ, ದಾಖಲೆಗಳನ್ನು ಕಾದಿಡುವ ಅನುಕೂಲ. ಇವೆಲ್ಲಕ್ಕಿಂತ ಮಿಗಿಲಾಗಿ ಅದರ ಬಾಳಿಕೆ.

ಇನ್ನು ಕೆಲಸದ ಕ್ರಮ. ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳುವದಕ್ಕೆ ಮುಂಚೆ, ಡಿಸ್ಕು ಇನ್ನೂ ಓದಲು ಬರುತ್ತಿರುವಾಗಲೇ, ಅದರ ಪೂರ್ಣ ಪ್ರತಿಯನ್ನು ತೆಗೆಯತಕ್ಕದ್ದು. ಒಂದೊಂದು ಕಡತವನ್ನು ನಕಲು ಮಾಡಿದರೆ ಸಾಲದು. ಆರಂಭದ ಭಾಗವೂ ಸೇರಿ ಇಡೀ ಡಿಸ್ಕಿನ ಪ್ರತಿಬಿಂಬವೇ ಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲಿ ಅದರದೇ ಆದ ತಿದ್ದುಪಡಿಯ ಅಂಕಿಗಳನ್ನು ಅಳೆದು ಬರೆದಿಡುತ್ತಾರೆ. ಕೆಲವು ಯಂತ್ರಗಳಲ್ಲಿ ಇವು ಅಳೆಯುವ ಹಲಗೆಯ ನೆನಪಿನಲ್ಲಿರುವವು. ಕೆಲವುಗಳಲ್ಲಿ ಡಿಸ್ಕಿನಲ್ಲಿಯೇ ಇರುವವು. ಖಂಡಿತವಾಗಿ ತಿಳಿಯುವ ತನಕ ಡಿಸ್ಕಿನಲ್ಲಿಯೇ ಇರುವವೆಂದು ಭಾವಿಸಿ ನಡೆಯುವದು ವಿಹಿತ. ಹಣ ಕೊಟ್ಟು ಪಡೆದ ಹೆಚ್ಚಿನ ಸೌಲಭ್ಯಗಳ ಪರವಾನಗಿಯೂ ಅಲ್ಲಿಯೇ ಇರಬಹುದು. ಒಂದು ಸಲ ಅಳಿಸಿಹೋದರೆ ಬೇರೊಂದು ಯಂತ್ರದ ಅಂಕಿಗಳು ಇದಕ್ಕೆ ಹೊಂದುವದಿಲ್ಲ. ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡಂತಾಗುವದು.

ಡಿಸ್ಕು ಎಲ್ಲಕ್ಕಿಂತ ಮೊದಲು ಸೋಲುವದು ಯಾಕಂದರೆ, ಅದು ಎಡೆಬಿಡದೆ ತಿರುಗುವ ವಸ್ತು. ಅದರ ಸ್ಥಾನಕ್ಕೆ ತಿರುಗುವ ಭಾಗವೇ ಇಲ್ಲದ ಫ್ಲ್ಯಾಶ್ ನೆನಪನ್ನು ಇಡಬಹುದು. ಹಳೆಯ ಡಿಸ್ಕುಗಳು ಐ.ಡಿ.ಇ. ಎಂಬ ಪದ್ಧತಿಯವು, ದೊಡ್ಡವಕ್ಕೆ ೪೦ ಮೊಳೆಗಳ, ಚಿಕ್ಕವಕ್ಕೆ ೪೪ ಮೊಳೆಗಳ ಜೋಡಣೆ. ೧೯೯೪ರಲ್ಲಿ ಹುಟ್ಟಿದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಇದೇ ಪದ್ಧತಿಯ ಭಾಷೆಯನ್ನು ಬಲ್ಲದಾದಕಾರಣ, ಅಲ್ಪ ಬೆಲೆಯ ಒಂದು ಜೋಡಣೆಯ ತುಂಡಿನಿಂದ ಅದನ್ನು ಡಿಸ್ಕಿನಂತೆಯೇ ಕೂಡಿಸಬಹುದು. ದೊಡ್ಡ ಗಾತ್ರದ್ದನ್ನು ಹುಡುಕುವದು ವ್ಯರ್ಥ. ಆ ಕಾಲದ ಅನೇಕ ಮದರ್‌ಬೋರ್ಡುಗಳು ೩೨ ಗಿಗಾಬೈಟಿಗಿಂತ ದೊಡ್ಡದನ್ನು ಗುರುತಿಸವು; ೮ ಅಥವಾ ೧೬ ಗಿಗಾಬೈಟು ಧಾರಾಳವಾಗಿ ಸಾಕು. ರ್ಯಾಮ್ ವಿಷಯದಲ್ಲಿಯೂ ಹಾಗೆಯೇ. ವಿಂಡೋಸ್ ೯೮ಕ್ಕೆ ೫೧೨ ಮೆಗಾಬೈಟಿಗಿಂತ ಹೆಚ್ಚು ಕೊಟ್ಟರೆ ಅದು ನೆನಪು ಸಾಲದೆಂದು ಗೋಗರೆದು ನಿಂತುಬಿಡುವದುಂಟು. ಉಣ್ಣಲಾರದವರಿಗೆ ಬಡಿಸಿದಂತೆ!

ಮದರ್‌ಬೋರ್ಡನ್ನೇ ಬದಲಾಯಿಸುವದು ಬೇರೆಯೇ ಮಾತು. ಅಳೆಯುವ ಭಾಗವು ಹಲವು ಯಂತ್ರಗಳಲ್ಲಿ ಪಿ.ಸಿ.ಐ. ಎಂಬ ಗಾಡಿಯ ಮೂಲಕ ಕಂಪ್ಯೂಟರಿಗೆ ಕೂಡಿರುವದು. ಈ ಗಾಡಿಯಲ್ಲಿ ೫ ವೋಲ್ಟಿನದು, ೩.೩ ವೋಲ್ಟಿನದು ಎಂದು ಎರಡು ಬಗೆಯುಂಟು. ಅದಲುಬದಲಾಗದಂತೆ ಕಚ್ಚುಗಳನ್ನು ಬೇರೆಬೇರೆ ಕಡೆಗಳಲ್ಲಿ ಕೊರೆದಿದ್ದಾರೆ. ಈಚಿನ ಬೋರ್ಡುಗಳಲ್ಲಿ ಪಿ.ಸಿ.ಐ. ಗಾಡಿಯೇ ಅಪರೂಪ. ಒಂದು ವೇಳೆ ಸಿಕ್ಕಿತೆನ್ನೋಣ. ಆಗ ಇನ್ನೊಂದು ಇಕ್ಕಟ್ಟು. ಹೊಸ ಬೋರ್ಡಿಗೆ ವಿಂಡೋಸ್ ೯೮ಕ್ಕೆ ತಕ್ಕ ಡ್ರೈವರುಗಳಿಲ್ಲ. ವಿಂಡೋಸ್ ೯೮ಕ್ಕಾಗಿ ಬರೆದ ಅಳೆಯುವ ಭಾಗದ ಡ್ರೈವರು ವಿಂಡೋಸ್ ೧೦ರಲ್ಲಿ ನಡೆಯುವದಿಲ್ಲ. ಆದಕಾರಣ ಆ ಯಂತ್ರವನ್ನು ಮಾಡಿದವರೇ ಅದರ ಮುಂದಿನ ಮಾದರಿಯಲ್ಲಿ ಬಳಸಿದ ಬೋರ್ಡನ್ನು ಹುಡುಕುವದು ಕ್ಷೇಮ. ಹಳೆಯದು ನಡೆಯುತ್ತಿರುವಾಗ ಬರೀ ವೇಗದ ಆಶೆಯಿಂದ ಅದನ್ನು ಕೀಳುವದು ನನ್ನ ಅಭಿಪ್ರಾಯದಲ್ಲಿ ಅವಿವೇಕವು. ಬೋರ್ಡಿನ ಮೇಲಣ ಸಣ್ಣ ಡಬ್ಬಿಗಳಂತಿರುವ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಅವುಗಳನ್ನು ಮಾತ್ರ ಬದಲಾಯಿಸಬಹುದು. ನಾಣ್ಯದಂಥ ೩ ವೋಲ್ಟಿನ ಸೆಲ್ಲನ್ನು ಹೇಗೂ ಬದಲಾಯಿಸತಕ್ಕದ್ದು. ಅದಕ್ಕೆ ಮುಂಚೆ ಬಯೋಸ್‌ನ ಏರ್ಪಾಡುಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಹೊಲಿಗೆಯ ಯಂತ್ರವನ್ನು ಬಿಚ್ಚಿ, ಎಣ್ಣೆ ಹಾಕಿ, ಪುನಃ ಜೋಡಿಸಬಲ್ಲ ಹುಡುಗಿಗೆ ಈ ಕೆಲಸದಲ್ಲಿ ಹೆದರತಕ್ಕದ್ದೇನೂ ಇಲ್ಲ. ಒಂದು ಸ್ಥಳವನ್ನು ಮಾತ್ರ ಬಿಟ್ಟಿರಬೇಕು: ವಿದ್ಯುತ್ತು ಒದಗಿಸುವ ಪೆಟ್ಟಿಗೆ. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಮುನ್ನೂರು ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಕೆಲವು ಹೊತ್ತು ನಿಂತಿರಬಹುದು. ಅದನ್ನು ಬಲ್ಲವರೇ ತೆರೆಯಲಿ. ಉಳಿದ ಹಲಗೆಗಳನ್ನು ಅಂಚಿನಲ್ಲಿಯೇ ಹಿಡಿಯತಕ್ಕದ್ದು, ಮೈಯ ಸ್ಥಿರವಿದ್ಯುತ್ತನ್ನು ಮೊದಲು ಭೂಮಿಗೆ ಹರಿಯಗೊಡತಕ್ಕದ್ದು.

ವಿಂಡೋಸ್ ೯೮ಕ್ಕೆ ಮೈಕ್ರೋಸಾಫ್ಟಿನವರ ಕಾವಲು ೨೦೦೬ರಲ್ಲಿಯೂ, ಎಕ್ಸ್‌ಪಿಗೆ ೨೦೧೪ರಲ್ಲಿಯೂ ಮುಗಿಯಿತು. ಆದದರಿಂದ ಈ ಯಂತ್ರವನ್ನು ಇಂಟರ್‌ನೆಟ್ಟಿಗೆ ಕೂಡಿಸಬಾರದು.

ಎಲ್ಲವನ್ನೂ ಜೋಡಿಸಿದ ಮೇಲೆ ಅರ್ಧ ಗಂಟೆ ಯಂತ್ರವು ಬೆಚ್ಚಗಾಗಲಿ. ಅನಂತರ ಅದರ ಸ್ವಂತ ತಿದ್ದುಪಡಿಯ ಕ್ರಮವನ್ನು ನಡಿಸಿ, ಮುಂಭಾಗದಲ್ಲಿ ಪ್ರೋಬಿಗಾಗಿಯೇ ಇಟ್ಟಿರುವ ಚೌಕ ತರಂಗವನ್ನು ನೋಡಬೇಕು. ಮೂಲೆಗಳು ಚೊಕ್ಕವಾಗಿವೆಯೇ, ಎತ್ತರವು ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ನಾಲ್ಕೂ ಬಾಗಿಲುಗಳಲ್ಲಿ ಒಂದೊಂದಾಗಿ ಪರೀಕ್ಷಿಸತಕ್ಕದ್ದು. ಹಳೆಯ ಡಿಸ್ಕಿನ ಮೇಲೆ ತೆಗೆದ ತಾರೀಖನ್ನೂ ಯಂತ್ರದ ಸಂಖ್ಯೆಯನ್ನೂ ಬರೆದು, ಪ್ರತಿಯ ಜೊತೆಯಲ್ಲಿ ಬೀರುವಿನಲ್ಲಿಡಿರಿ.