ಆಧಿ ಮತ್ತು ವ್ಯಾಧಿ

ನಮ್ಮ ನಿಘಂಟುಕಾರರು ದೇಹದ ಬಾಧೆಯನ್ನು ‘ವ್ಯಾಧಿ’ ಎಂದೂ ಮನಸ್ಸಿನ ಬಾಧೆಯನ್ನು ‘ಆಧಿ’ ಎಂದೂ ಬೇರ್ಪಡಿಸಿ ಹೇಳಿರುವರು. ಹೆಸರು ಎರಡಾದರೂ ಅನೇಕ ವೇಳೆ ಅವೆರಡೂ ಒಬ್ಬನಲ್ಲಿಯೇ ನೆಲೆಸುವುವು. ಕುಸುಮರೋಗವೆಂದು ಕರೆಯಲ್ಪಡುವ ಹಿಮೋಫಿಲಿಯಾ ಇದಕ್ಕೊಂದು ನಿದರ್ಶನ.

ರಕ್ತವು ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆಯೇ ಈ ರೋಗದ ಮೂಲ. ಇದು ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದು. ಆದರೆ ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಇದು ಕಂಡುಬಂದಿರುವುದಿಲ್ಲ. ಹುಟ್ಟಿನಿಂದ ಬಂದುದಕ್ಕೆ ತಾಯಿಯನ್ನು ದೂರುವುದಂತೂ ಸರ್ವಥಾ ಅನ್ಯಾಯ. ಹೊರಗಿನ ಗಾಯಕ್ಕಿಂತ ಮೊಣಕಾಲು, ಮೊಣಕೈ, ಹರಡುಗಳ ಒಳಗಿನ ರಕ್ತಸ್ರಾವವೇ ಹೆಚ್ಚು ಪೀಡಿಸುವುದು. ಅದು ಪದೇ ಪದೇ ಆದರೆ ಕೀಲು ಸವೆದು ಸೆಟೆದುಕೊಳ್ಳುವುದು.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನು ಆಟದ ಬಯಲಿಗೆ ಬಾರದೆ ಕುಳಿತಿರುತ್ತಿದ್ದನು. ನಾನು ಅವನನ್ನು ಎಲ್ಲರೆದುರು ಮೈಗಳ್ಳನೆಂದು ಜರೆದೆನು. ಕಾರಣವು ತಿಳಿದುದು ತಡವಾಗಿ. ನಡುವಯಸ್ಸಿನವನಾದ ಅವನು ಈಚೆಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದಾಗ ಸಿಕ್ಕಿದನು. “ಗುರುಗಳೇ, ಕಾಲುನೋವು ಹೇಗಿದೆಯೆಂದು ಎಲ್ಲರೂ ಕೇಳುವರು. ರಾತ್ರಿ ನಿದ್ದೆ ಏಕಿಲ್ಲವೆಂದು ಯಾರೂ ಕೇಳುವುದಿಲ್ಲ” ಎಂದನು. ನನಗೆ ಉತ್ತರ ತೋಚಲಿಲ್ಲ.

ಬಿಡದ ನೋವು, ಮುಂದಿನ ರಕ್ತಸ್ರಾವದ ಭಯ, ಕೈತಪ್ಪುವ ನೌಕರಿ, ಮುರಿದುಬೀಳುವ ವಿವಾಹದ ಮಾತು, ಔಷಧದ ವೆಚ್ಚ ಇವುಗಳಿಂದ ಪ್ರಾಯಸ್ಥರಲ್ಲಿ ಖಿನ್ನತೆ ಬೇರೂರುವುದು. ಎರಡು ವಾರಕ್ಕೂ ಮೀರಿ ದುಃಖ, ನಿರಾಸಕ್ತಿ, ನಿದ್ರಾನಾಶ, ಆತ್ಮನಿಂದೆ ಉಳಿದರೆ, ಅಥವಾ ಸಾಯುವ ಯೋಚನೆ ಒಮ್ಮೆ ಸುಳಿದರೂ, ಅದನ್ನು ಮನೋದೌರ್ಬಲ್ಯವೆನ್ನಲಾಗದು. ಅದು ಚಿಕಿತ್ಸೆಗೆ ಬಗ್ಗುವ ರೋಗ. ಆಪ್ತಸಮಾಲೋಚನೆಯೂ ಔಷಧವೂ ಅದನ್ನು ಶಮನಗೊಳಿಸಬಲ್ಲವು. ಆದರೆ ಖಿನ್ನತೆಯ ಕೆಲವು ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದುದರಿಂದ ಮನೋವೈದ್ಯರಿಗೆ ಮೊದಲೇ ಕುಸುಮರೋಗದ ವಿಷಯವನ್ನು ತಿಳಿಸಬೇಕು. ಹಾಗೆಂದು ಕೊಟ್ಟ ಔಷಧವನ್ನು ತಾನಾಗಿ ನಿಲ್ಲಿಸಲೂಬಾರದು.

ನೆರವು ದೂರವಿಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ರೈಲುಹಾದಿಯಲ್ಲಿಯೇ ಹರಿಹರವನ್ನು ದಾಟಿದರೆ ದಾವಣಗೆರೆ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ ಹನಗವಾಡಿಯವರು ಸ್ವತಃ ಈ ರೋಗದೊಡನೆ ಬಾಳುತ್ತ ವೈದ್ಯರಾದವರು. ಮನೋವ್ಯಥೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಕರೆಮಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹಿಮೋಫಿಲಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ.

ಶಿಕ್ಷಕ ಬಂಧುಗಳು ಆಟಕ್ಕೆ ಬಾರದ ಬಾಲಕನನ್ನು ಜರೆಯುವ ಮೊದಲು ಕಾರಣವನ್ನು ವಿಚಾರಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಅಂಗಡಿ, ಕಚೇರಿಗಳಲ್ಲಿ ಇಂಥವರಿಗೆ ಕುಳಿತು ಮಾಡುವ ಕಾಯಕವನ್ನು ಒದಗಿಸಲಿ. ದಾನಿಗಳು ಔಷಧದೊಡನೆ ಆಸ್ಪತ್ರೆಯ ಪ್ರಯಾಣವೆಚ್ಚವನ್ನೂ ನೆನೆಯಲಿ. ಎಲ್ಲರೂ ಮಾಡಬಹುದಾದ ಕೆಲಸವೊಂದಿದೆ: ಕಾಲಿನ ಯೋಗಕ್ಷೇಮವನ್ನು ಕೇಳಿದ ಬಳಿಕ ಮನಸ್ಸಿನ ಯೋಗಕ್ಷೇಮವನ್ನೂ ಕೇಳಿ, ಉತ್ತರ ಬರುವವರೆಗೆ ಅವರ ಬಳಿ ಕುಳಿತಿರುವುದು. ನಾನು ಅದನ್ನು ತಡವಾಗಿ ಕಲಿತೆನು.